ಆರು, ಏಳು, ಎಂಟನೇ ಕ್ಲಾಸಿನ ಲೆಕ್ಕ: ಪೋಷಕರು, ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಪೋಷಕರ ಸಭೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳು ಪ್ರತಿ ವರ್ಷವೂ ಹೆಚ್ಚುಕಡಿಮೆ ಅವೇ. ಮಕ್ಕಳು ಚೀಟಿಯಲ್ಲಿ ಬರೆದು, ನನ್ನ ಮೇಜಿನ ಮೇಲಿಟ್ಟು ಓಡಿಹೋಗುವ ಪ್ರಶ್ನೆಗಳೂ ಇವೆ. ಅವನ್ನೆಲ್ಲ ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು, ಪರೀಕ್ಷೆಯವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಆಗುತ್ತದೆ.

## ಶುರುವಿನಲ್ಲಿ

ನಮ್ಮ ಹುಡುಗ ಐದನೇ ಕ್ಲಾಸಿನವರೆಗೂ ಲೆಕ್ಕದಲ್ಲಿ ಚುರುಕಿದ್ದ. ಆರಕ್ಕೆ ಬಂದ ಮೇಲೆ ಏನಾಯ್ತು ಮೇಡಂ?

ಆರನೇ ಕ್ಲಾಸಿನಲ್ಲಿ ಲೆಕ್ಕವೇ ಬದಲಾಗುತ್ತದೆ. ಅಲ್ಲಿಯವರೆಗೆ ಸಂಖ್ಯೆ ಅಂದರೆ ಎಣಿಸಲು ಸಿಗುವಂಥದ್ದು. ಹತ್ತು ಕಲ್ಲು, ಇಪ್ಪತ್ತು ಮಾವಿನಕಾಯಿ. ಗುಣಿಸಿದರೆ ಜಾಸ್ತಿ ಆಗುತ್ತಿತ್ತು, ಭಾಗಿಸಿದರೆ ಕಡಿಮೆ ಆಗುತ್ತಿತ್ತು. ಈಗ ಆ ನಂಬಿಕೆಗಳು ಒಂದೊಂದಾಗಿ ಕೈಕೊಡುತ್ತವೆ. 6ನ್ನು ಅರ್ಧದಿಂದ ಗುಣಿಸಿದರೆ 3 ಆಗುತ್ತದೆ, ಅರ್ಧದಿಂದ ಭಾಗಿಸಿದರೆ 12 ಆಗುತ್ತದೆ. ಸೊನ್ನೆಗಿಂತ ಕೆಳಗೂ ಸಂಖ್ಯೆಗಳಿವೆ ಅನ್ನುತ್ತಾರೆ. ಅಂಕಿ ಇರಬೇಕಾದ ಜಾಗದಲ್ಲಿ ಅಕ್ಷರ ಬಂದು ಕೂರುತ್ತದೆ.

ಚುರುಕಾದ ಮಗು ಇಲ್ಲೇ ಜಾಸ್ತಿ ಗಲಿಬಿಲಿಯಾಗುತ್ತದೆ. ಹಳೆಯ ನಿಯಮಗಳನ್ನು ಅದು ಚೆನ್ನಾಗಿ ನಂಬಿರುತ್ತದೆ, ಅದಕ್ಕೆ. ಬೈಯಬೇಡಿ. "ಆರು ಲೀಟರ್ ಹಾಲನ್ನು ಅರ್ಧ ಲೀಟರಿನ ಪ್ಯಾಕೆಟ್‌ಗೆ ತುಂಬಿದರೆ ಎಷ್ಟು ಪ್ಯಾಕೆಟ್ ಆಗುತ್ತೆ?" ಅಂತ ಕೇಳಿ ನೋಡಿ. ಹನ್ನೆರಡು ಅಂತ ತಾನೇ ಹೇಳುತ್ತಾನೆ. ಈಗ ಅದನ್ನೇ ಭಾಗಾಕಾರವಾಗಿ ಬರೆಸಿ.

ನಾನು ಓದಿದ್ದ ಏಳನೇ ಕ್ಲಾಸ ರೀ. ಮಗಳಿಗೆ ಲೆಕ್ಕ ಹೆಂಗ ಹೇಳಿಕೊಡ್ಲಿ?

ನೀವು ಹೇಳಿಕೊಡಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು. "ಇವತ್ತು ಏನು ಮಾಡಿದಿರಿ? ನನಗೆ ಹೇಳಿಕೊಡು" ಅನ್ನಿ. ಮಗಳು ಹೇಳುತ್ತಾ ಹೋಗುತ್ತಾಳೆ. ಎಲ್ಲಿ ತಡವರಿಸುತ್ತಾಳೋ ಅಲ್ಲೇ ಅವಳಿಗೆ ಅರ್ಥವಾಗಿಲ್ಲ. ಅದನ್ನು ಅವಳೇ ಕಂಡುಕೊಳ್ಳುತ್ತಾಳೆ. "ಯಾಕೆ ಹಾಗೆ?" ಅನ್ನುವುದೊಂದೇ ನಿಮ್ಮ ಪ್ರಶ್ನೆ.

ಇನ್ನೊಂದು ಮಾತು. ಪುಸ್ತಕದಲ್ಲಿ ಇಲ್ಲದ ಎಷ್ಟೋ ಲೆಕ್ಕ ನಿಮಗೆ ಗೊತ್ತು. ಊರಲ್ಲಿ "ಎರಡು ರೂಪಾಯಿ ಬಡ್ಡಿ" ಅಂತೀವಲ್ಲ, ಅದು ನೂರಕ್ಕೆ ತಿಂಗಳಿಗೆ ಎರಡು. ನನ್ನ ಏಳನೇ ಕ್ಲಾಸಿನ ಮಕ್ಕಳು ಅದನ್ನು ವರ್ಷಕ್ಕೆ ಶೇಕಡಾ 2 ಅಂತಲೇ ಬರೆದರು. ಒಬ್ಬ ಹುಡುಗ ಮನೆಯಲ್ಲಿ ಅಪ್ಪನನ್ನು ಕೇಳಿಕೊಂಡು ಬಂದ. "ಹತ್ತು ಸಾವಿರಕ್ಕೆ ತಿಂಗಳಿಗೆ ಇನ್ನೂರು, ವರ್ಷಕ್ಕೆ ಎರಡು ಸಾವಿರದ ನಾನೂರು. ಅಂದ್ರೆ ಶೇಕಡಾ 24 ಮಿಸ್!" ಅಂದ. ಅವತ್ತು ಇಡೀ ಕ್ಲಾಸಿಗೆ ಬಡ್ಡಿ ಲೆಕ್ಕ ಕಲಿಸಿದ್ದು ಆ ಅಪ್ಪ. ಹಾಲಿನ ಡೈರಿ ಚೀಟಿ, ಕರೆಂಟ್ ಬಿಲ್, ಬ್ಲೌಸಿನ ಅಳತೆ, ಇವೆಲ್ಲ ಮಗಳ ಮುಂದಿರಲಿ.

ಮಗ್ಗಿ ಬಾಯಿಪಾಠ ಮಾಡಿಸಬೇಕಾ, ಬೇಡವಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಮಾಡಿಸಬೇಕು. ಹತ್ತರವರೆಗಿನ ಮಗ್ಗಿ ನಾಲಿಗೆ ಮೇಲೆ ಇರಲೇಬೇಕು. ಅದಿಲ್ಲದ ಮಗು ಭಿನ್ನರಾಶಿ ಮಾಡುವಾಗ 7 × 8 ಎಷ್ಟು ಅಂತ ಬೆರಳು ಮಡಚುತ್ತದೆ. ಅಷ್ಟರಲ್ಲಿ ತಾನು ಏನು ಮಾಡುತ್ತಿದ್ದೆ ಅನ್ನುವುದೇ ಮರೆತಿರುತ್ತದೆ.

ಆದರೆ ಬರೀ ರಾಗ ಹಾಕಿ ಹೇಳಿಸಬೇಡಿ. 7 × 8 ಮರೆತರೆ? 7 × 4 ಅಂದರೆ 28, ಅದರ ಎರಡರಷ್ಟು 56. ಹದಿನೇಳರ ಮಗ್ಗಿ ಬಾರದಿದ್ದರೆ? 17 × 6 ಅಂದರೆ ಹತ್ತಾರಲಿ ಅರವತ್ತು, ಏಳಾರಲಿ ನಲವತ್ತೆರಡು, ಒಟ್ಟು 102. ಹೀಗೆ ದಾರಿ ಹುಡುಕಿಕೊಳ್ಳುವ ಮಗು ಮುಂದೆ ಎಂಟನೇ ಕ್ಲಾಸಿನಲ್ಲಿ ಆವರಣ ಬಿಡಿಸುವಾಗ ಹೆದರುವುದಿಲ್ಲ, ಯಾಕೆಂದರೆ ಅದೂ ಇದೇ ಕೆಲಸ. ನಮ್ಮ ಹಿರಿಯರ ಮಗ್ಗಿ ಪುಸ್ತಕದಲ್ಲಿ ಕಾಲು, ಅರೆ, ಮುಕ್ಕಾಲು, ಒಂದೂವರೆಯ ಮಗ್ಗಿಗಳೂ ಇದ್ದವು. ಮುಕ್ಕಾಲು ನಾಲ್ಕಲಿ ಮೂರು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಹೇಳಿಸಿ, ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ.

ದಿನಕ್ಕೆ ಎಷ್ಟು ಹೊತ್ತು ಕೂರಿಸಬೇಕು?

ಅರ್ಧ ಗಂಟೆ. ಆದರೆ ದಿನಾ. ಭಾನುವಾರ ಒಂದೇ ಸಲ ನಾಲ್ಕು ಗಂಟೆ ಕೂರಿಸಿದರೆ ಲೆಕ್ಕದ ಮೇಲೆ ಸಿಟ್ಟು ಬರುತ್ತದೆ, ಅಷ್ಟೇ.

## ಎಡವುವ ಜಾಗಗಳು

1/2 + 1/3 = 2/5 ಅಂತಲೇ ಬರೀತಾಳೆ. ಎಷ್ಟು ಸಲ ಹೇಳಿದ್ರೂ ಅದೇ ತಪ್ಪು. ಏನ್ಮಾಡೋದು?

ಈ ತಪ್ಪನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಮೊದಮೊದಲು "ಮೇಲಿಂದ ಮೇಲೆ, ಕೆಳಗಿಂದ ಕೆಳಗೆ ಕೂಡಿಸಬಾರದು" ಅಂತ ಹೇಳಿ ಸುಮ್ಮನಾಗುತ್ತಿದ್ದೆ. ಪ್ರಯೋಜನ ಆಗಲಿಲ್ಲ. ಆಮೇಲೆ ಒಂದು ದಿನ ಒಬ್ಬಳನ್ನು ಕೂರಿಸಿಕೊಂಡು, ಯಾಕೆ ಹಾಗೆ ಮಾಡಿದೆ ಅಂತ ಕೇಳಿದೆ. ಅವಳು ಹೇಳಿದಳು: "ಮೊದಲ ಟೆಸ್ಟಿನಲ್ಲಿ 2ಕ್ಕೆ 1 ಬಂತು. ಎರಡನೇದರಲ್ಲಿ 3ಕ್ಕೆ 1 ಬಂತು. ಒಟ್ಟು 5ಕ್ಕೆ 2 ಅಲ್ವಾ ಮಿಸ್?"

ಅಲ್ವಾ ಮತ್ತೆ! ಅಂಕದ ವಿಷಯದಲ್ಲಿ ಅವಳು ಹೇಳಿದ್ದು ಪೂರ್ತಿ ಸರಿ. ಅಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳು ಸೇರಿ ಒಂದು ದೊಡ್ಡ ಪರೀಕ್ಷೆ ಆಗುತ್ತವೆ. ಭಿನ್ನರಾಶಿ ಕೂಡಿಸುವಾಗ ಮಾತ್ರ ಎರಡೂ ಒಂದೇ ರೊಟ್ಟಿಯ ತುಂಡುಗಳು. ಅರ್ಧ ರೊಟ್ಟಿ ತಿಂದೆ, ಆಮೇಲೆ ಅದೇ ಅಳತೆಯ ರೊಟ್ಟಿಯಲ್ಲಿ ಮೂರರಲ್ಲಿ ಒಂದು ಪಾಲು ತಿಂದೆ. ತಿಂದದ್ದು ಅರ್ಧಕ್ಕಿಂತ ಜಾಸ್ತಿ ಇರಬೇಕು ತಾನೇ? ಆದರೆ 2/5 ಅರ್ಧಕ್ಕಿಂತ ಕಡಿಮೆ! ಇದನ್ನು ನೋಡಿದಾಗ ಅವಳ ಕಣ್ಣು ಅರಳಿತು. ನಿಯಮ ಹೇಳುವ ಮೊದಲು ಈ ಅರಿವು ಬರಬೇಕು.

ಆಮೇಲೆ 12 ಮನೆಯ ಕಾಗದದ ಪಟ್ಟಿ ತೆಗೆದುಕೊಳ್ಳಿ. ಅರ್ಧ ಅಂದರೆ 6 ಮನೆ, ಮೂರರಲ್ಲಿ ಒಂದು ಅಂದರೆ 4 ಮನೆ. ಒಟ್ಟು 10 ಮನೆ, ಅಂದರೆ 10/12, ಅಂದರೆ 5/6. ಹನ್ನೆರಡೇ ಯಾಕೆ, ಆರು ಮನೆ ಸಾಲದಾ ಅಂತ ಮಗು ತಾನೇ ಕೇಳಿದರೆ ಲಸಾಅ, ಅಂದರೆ ಎರಡೂ ಛೇದಗಳಿಂದ (ಕೆಳಗಿನ ಸಂಖ್ಯೆಗಳಿಂದ) ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, ಅರ್ಥವಾದಂತೆ. ಛೇದಗಳ ಲಸಾಅ ತೆಗೆದು ಕೂಡಿಸುವ ಈ ಉಪಾಯವನ್ನು ಒಂಬತ್ತನೇ ಶತಮಾನದಲ್ಲೇ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಹೇಳಿದ್ದಾನೆ. ಅದಕ್ಕೆ ಆತ ಇಟ್ಟ ಹೆಸರು ನಿರುದ್ಧ. ಆತ ಇದ್ದದ್ದು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಆ ರಾಜಧಾನಿ ಮಾನ್ಯಖೇಟವೇ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ನಮ್ಮ ನೆಲದ ಲೆಕ್ಕ ಇದು ಅಂತ ಮಕ್ಕಳಿಗೆ ಹೇಳಿ, ಬೆನ್ನು ನೆಟ್ಟಗಾಗುತ್ತದೆ.

ಮೈನಸ್ ಇಂಟು ಮೈನಸ್ ಹೇಗೆ ಪ್ಲಸ್ ಆಗುತ್ತೆ ಮಿಸ್? ಅಣ್ಣ ಸುಮ್ನೆ ನೆನಪಿಟ್ಕೋ ಅಂತಾನೆ.

ನೀನು ಕೇಳಿದ್ದು ಒಳ್ಳೇದಾಯ್ತು ಪುಟ್ಟಿ. ಸುಮ್ನೆ ನೆನಪಿಟ್ಟುಕೊಳ್ಳಬೇಡ. ಇದನ್ನು ಒಂದರ ಕೆಳಗೆ ಒಂದು ಬರಿ:

−3 × 2 = −6
−3 × 1 = −3
−3 × 0 = 0
−3 × (−1) = ?

ಉತ್ತರ ಪ್ರತಿ ಸಾಲಿನಲ್ಲೂ ಎಷ್ಟು ಹೆಚ್ಚುತ್ತಿದೆ ನೋಡು. ಮೂರು, ಮೂರು. ಹಾಗಾದರೆ ಸೊನ್ನೆ ಆದ ಮೇಲೆ ಏನು ಬರಬೇಕು? ಅಷ್ಟೇ.

ಇನ್ನೊಂದು ರೀತಿಯಲ್ಲೂ ನೋಡಬಹುದು. ನಾವು ಮೈನಸ್ ಸಂಖ್ಯೆಗೆ ಕನ್ನಡದಲ್ಲಿ ಋಣ ಸಂಖ್ಯೆ ಅಂತೀವಿ. ಋಣ ಅಂದರೆ ಸಾಲ. 628ರಲ್ಲಿ ಬ್ರಹ್ಮಗುಪ್ತ ಈ ನಿಯಮಗಳನ್ನು ಬರೆಯುವಾಗ ಧನ, ಋಣ ಅಂತಲೇ ಬರೆದ. ನಿನ್ನ ಅಮ್ಮನಿಗೆ ಮೂರು ಮೂರು ರೂಪಾಯಿಯ ಎರಡು ಸಾಲ ಇತ್ತು ಅಂದುಕೋ. ಅಂಗಡಿಯವರು ಆ ಎರಡೂ ಸಾಲ ಬಿಟ್ಟುಬಿಟ್ಟರು. ಸಾಲ ಹೋಯಿತು ಅಂದರೆ ಅಮ್ಮನಿಗೆ ಆರು ರೂಪಾಯಿ ಉಳಿಯಿತು. ಎರಡು ಸಾಲ ತೆಗೆದದ್ದು −2, ಒಂದೊಂದು ಸಾಲ −3, ಉಳಿದದ್ದು +6. ಇದನ್ನು ಅಣ್ಣನಿಗೂ ಹೇಳು.

ಅಂಕಿ ಬಿಟ್ಟು ಎಬಿಸಿಡಿ ಯಾಕೆ ಬೇಕು? ಮಗ ಕೇಳ್ತಾನೆ, ನನಗೂ ಗೊತ್ತಿಲ್ಲ.

ಅವನ ಜೊತೆ ಈ ಆಟ ಆಡಿ. ಒಂದು ಸಂಖ್ಯೆ ನೆನೆಸಿಕೋ. 5 ಕೂಡಿಸು. ಎರಡರಷ್ಟು ಮಾಡು. 4 ಕಳೆ. ಅರ್ಧ ಮಾಡು. ಮೊದಲು ನೆನೆಸಿಕೊಂಡದ್ದನ್ನು ಕಳೆ. ಈಗ "3 ಬಂತಾ?" ಅನ್ನಿ. ಯಾವ ಸಂಖ್ಯೆ ತೆಗೆದುಕೊಂಡರೂ 3 ಬರುತ್ತದೆ. ಹೇಗೆ ಗೊತ್ತಾಯ್ತು ಅಂತ ಕಾಡುತ್ತಾನೆ. ಆಗ ಅಕ್ಷರ ತನ್ನಿ. ಪುಸ್ತಕದಲ್ಲಿ ಎಕ್ಸ್ ಇರುತ್ತದೆ, ನಾನಿಲ್ಲಿ ಕ ಅಂತ ಬರೆಯುತ್ತೇನೆ. ಕ, ಕ + 5, 2ಕ + 10, 2ಕ + 6, ಕ + 3, ಕೊನೆಗೆ 3. ಒಂದೇ ಸಾಲಿನಲ್ಲಿ ಎಲ್ಲ ಸಂಖ್ಯೆಗಳ ಕಥೆ ಹೇಳುವುದಕ್ಕೆ ಅಕ್ಷರ ಬೇಕು. ಅಂಕಿ ಇಟ್ಟುಕೊಂಡರೆ ಒಂದು ಸಲಕ್ಕೆ ಒಂದರ ಕಥೆ ಮಾತ್ರ.

ಒಂದು ಎಚ್ಚರಿಕೆ. "3ಕ ಅಂದರೆ 3 ಕಡಲೆಕಾಯಿ" ಅಂತ ಹೇಳಿಕೊಡಬೇಡಿ. ಕ ಅಂದರೆ ಎಷ್ಟು ಕಡಲೆಕಾಯಿ ಅನ್ನುವ ಸಂಖ್ಯೆ, ಕಡಲೆಕಾಯಿ ಅಲ್ಲ. ಆರರಲ್ಲಿ ಹೀಗೆ ಕಲಿತ ಮಗು ಎಂಟರಲ್ಲಿ ಕ × ಕ ಬಂದಾಗ ಕಕ್ಕಾಬಿಕ್ಕಿ ಆಗುತ್ತದೆ. ಕಡಲೆಕಾಯಿಯನ್ನು ಕಡಲೆಕಾಯಿಯಿಂದ ಗುಣಿಸುವುದು ಹೇಗೆ?

ಲೆಕ್ಕ ಬರುತ್ತೆ. ವಾಕ್ಯದಲ್ಲಿ ಕೊಟ್ಟರೆ ಮಾತ್ರ ಕೈ ಕಟ್ಟಿ ಕೂರ್ತಾನೆ. ಇದು ಯಾಕೆ?

ಹೆಚ್ಚಿನ ಸಲ ಇದು ಓದಿನ ತೊಂದರೆ. ಮಗು ವಾಕ್ಯ ಓದುವುದಿಲ್ಲ, ಅಂಕಿಗಳನ್ನು ಹೆಕ್ಕುತ್ತದೆ. "ಒಟ್ಟು" ಅಂತ ಕಂಡರೆ ಕೂಡಿಸುತ್ತದೆ, "ಉಳಿದ" ಅಂತ ಕಂಡರೆ ಕಳೆಯುತ್ತದೆ. ನಾನು ಮಾಡುವುದು ಇಷ್ಟು. ಲೆಕ್ಕವನ್ನು ಅಂಕಿಗಳಿಲ್ಲದೆ ಕಥೆಯಾಗಿ ಹೇಳಿಸುತ್ತೇನೆ: "ಒಬ್ಬಳು ಸಂತೆಗೆ ಹೋದಳು, ಟೊಮೆಟೊ ತಂದಳು, ಸ್ವಲ್ಪ ಕೊಳೆತಿತ್ತು, ಉಳಿದದ್ದನ್ನು ಮಾರಿದಳು." ಕಥೆ ಸರಿಯಾಗಿ ಬಂದರೆ ಲೆಕ್ಕ ಬಂದಂತೆಯೇ. ವಾರಕ್ಕೊಮ್ಮೆ ಮಕ್ಕಳೇ ಲೆಕ್ಕ ಕಟ್ಟಿ ಪಕ್ಕದವರಿಗೆ ಕೊಡಬೇಕು. ಲೆಕ್ಕ ಕಟ್ಟುವವನಿಗೆ ಯಾವ ಮಾಹಿತಿ ಬೇಕು, ಯಾವುದು ಬೇಡ ಅನ್ನುವುದು ಬೇಗ ತಿಳಿಯುತ್ತದೆ.

## ಖುಷಿಯ ವಿಷಯ

ಲೆಕ್ಕದಲ್ಲಿ ಖುಷಿ ಇದೆ ಅಂತೀರಲ್ಲ, ಎಲ್ಲಿದೆ ತೋರಿಸಿ ಮೇಡಂ.

ಒಂದು ಹಾಳೆ, ಪೆನ್ಸಿಲ್ ತನ್ನಿ. ನಾಲ್ಕು ಅಂಕಿಯ ಒಂದು ಸಂಖ್ಯೆ ಬರೆಯಿರಿ, ನಾಲ್ಕೂ ಒಂದೇ ಅಂಕಿ ಆಗದಿರಲಿ. 3524 ಅಂದುಕೊಳ್ಳಿ. ಆ ಅಂಕಿಗಳಿಂದ ಆಗುವ ಅತಿ ದೊಡ್ಡ ಸಂಖ್ಯೆಯಿಂದ ಅತಿ ಚಿಕ್ಕದನ್ನು ಕಳೆಯಿರಿ. 5432 − 2345 = 3087. ಮತ್ತೆ ಹಾಗೇ: 8730 − 0378 = 8352. ಮತ್ತೆ: 8532 − 2358 = 6174. ಇನ್ನೊಂದು ಸಲ ಮಾಡಿದರೂ 6174. ಎಲ್ಲಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಇಲ್ಲಿಗೇ ಬರುತ್ತೀರಿ. 1949ರಲ್ಲಿ ಇದನ್ನು ಕಂಡುಹಿಡಿದವರು ಡಿ. ಆರ್. ಕಾಪ್ರೇಕರ್, ನಾಸಿಕ್ ಹತ್ತಿರದ ದೇವಲಾಲಿಯ ಶಾಲಾ ಮೇಷ್ಟ್ರು. ಈ ಆಟ ಆಡಿಸಿದ ದಿನ ನನ್ನ ಮಕ್ಕಳು ಯಾರೂ ಹೇಳದೆಯೇ ನಲವತ್ತು ಐವತ್ತು ವ್ಯವಕಲನ ಮಾಡಿರುತ್ತಾರೆ. ಅದೇ ನಲವತ್ತನ್ನು ಹೋಮ್‌ವರ್ಕ್ ಅಂತ ಕೊಟ್ಟಿದ್ದರೆ ಅಳುತ್ತಿದ್ದರು. ಮೂರಂಕಿಯ ಸಂಖ್ಯೆಗೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ, ಅವರೇ ಹುಡುಕಲಿ.

ಮಹಾವೀರಾಚಾರ್ಯನ ಹಾರದ ಸಂಖ್ಯೆಗಳೂ ಹೀಗೇ. 139 × 109 ಮಾಡಿಸಿ. 15151 ಬರುತ್ತದೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 152207 × 73 ಮಾಡಿದರೆ ಎಂಟು ಒಂದುಗಳ ಸಾಲು.

ಇನ್ನು ಮನೆ ಮುಂದಿನ ರಂಗೋಲಿ. ಮಧ್ಯದ ಸಾಲಿನಲ್ಲಿ 5 ಚುಕ್ಕಿ, ಎರಡೂ ಕಡೆ 4, 3, 2, 1ಕ್ಕೆ ಇಳಿಯುವ ರಂಗೋಲಿ ಇಡಿ. ಒಟ್ಟು ಎಷ್ಟು ಚುಕ್ಕಿ? ಎಣಿಸಿದರೆ 25. ಈಗ ತಲೆ ಸ್ವಲ್ಪ ಓರೆ ಮಾಡಿ ನೋಡಿ, 5 ಸಾಲು, ಸಾಲಿಗೆ 5 ಚುಕ್ಕಿ ಕಾಣುತ್ತದೆ. 1 + 2 + 3 + 4 + 5 + 4 + 3 + 2 + 1 ಅನ್ನುವುದು 5ರ ವರ್ಗ ಯಾಕೆ ಅನ್ನುವುದಕ್ಕೆ ಇದಕ್ಕಿಂತ ಚೆಂದದ ಉತ್ತರ ನನಗೆ ಗೊತ್ತಿಲ್ಲ. ಚುಕ್ಕಿ ಹತ್ತಾದರೆ ಎಷ್ಟು ಅಂತ ಕೇಳಿ, ಎಣಿಸದೇ ಹೇಳುತ್ತಾರೆ.

ಅಬ್ಯಾಕಸ್ ಕ್ಲಾಸು, ಮೊಬೈಲ್ ಆ್ಯಪು, ಯಾವುದಕ್ಕೆ ಸೇರಿಸಲಿ?

ದುಡ್ಡು ಇದ್ದು, ಮಗುವಿಗೆ ಇಷ್ಟ ಇದ್ದರೆ ಅಬ್ಯಾಕಸ್‌ಗೆ ಹಾಕಿ, ಕೈಲೆಕ್ಕ ಚುರುಕಾಗುತ್ತದೆ. ಬೀಜಗಣಿತ, ರೇಖಾಗಣಿತಕ್ಕೆ ಅದರಿಂದ ದೊಡ್ಡ ಸಹಾಯ ಆಗುವುದಿಲ್ಲ. ಆ್ಯಪಿನಲ್ಲಿ ಉತ್ತರ ತಪ್ಪಾದರೆ ಕೆಂಪು ಗುರುತು ಬರುತ್ತದೆ, ಯಾಕೆ ತಪ್ಪಾಯಿತು ಅನ್ನುವುದನ್ನು ಕೂತು ಕೇಳುವವರು ಬೇಕು. ಸಾಲ ಮಾಡಿ ಯಾವುದಕ್ಕೂ ಸೇರಿಸಬೇಡಿ.

ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತಲ್ಲ ಅಂತಾರೆ ನಮ್ಮತ್ತೆ. ನಿಜಾನಾ?

ಸುಳ್ಳು. ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕವನ್ನು 2014ರಲ್ಲಿ ಇರಾನಿನ ಮರಿಯಮ್ ಮಿರ್ಜಾಖಾನಿ, 2022ರಲ್ಲಿ ಉಕ್ರೇನಿನ ಮರೀನಾ ವಿಯಾಜೊವ್‌ಸ್ಕಾ ಪಡೆದರು. ನಮ್ಮ ಬೆಂಗಳೂರಿನ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನಲ್ಲಿ ಹದಿಮೂರಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಉತ್ತರ ಹೇಳಿದರು. ಅತ್ತೆಯವರಿಗೆ ಗೌರವದಿಂದಲೇ ಹೇಳಿ, ಆದರೆ ಮಗಳ ಮುಂದೆ ಆ ಮಾತು ಆಡದಿರಲಿ. ಮಕ್ಕಳು ಅದನ್ನು ನಂಬಿಬಿಡುತ್ತಾರೆ.

## ಪರೀಕ್ಷೆಗಳು

ಮನೆಯಲ್ಲಿ ಎಲ್ಲಾ ಮಾಡ್ತಾಳೆ. ಪರೀಕ್ಷೆಯಲ್ಲಿ ಗೊತ್ತಿದ್ದದ್ದೇ ತಪ್ಪು ಮಾಡಿ ಬರ್ತಾಳೆ.

ಒಂದು ತೆಳು ನೋಟ್‌ಬುಕ್ ಕೊಡಿಸಿ. ಮೇಲೆ "ನನ್ನ ತಪ್ಪುಗಳು" ಅಂತ ಬರೆಯಲಿ. ಪರೀಕ್ಷೆ ಆದ ಮೇಲೆ ತಪ್ಪಾದ ಲೆಕ್ಕ ಒಂದು ಕಡೆ, ಯಾಕೆ ತಪ್ಪಾಯಿತು ಅನ್ನುವುದು ಎದುರಿಗೆ. "ಅಜಾಗರೂಕತೆ" ಅಂತ ಬರೆದರೆ ಒಪ್ಪಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. "ಆವರಣದ ಮುಂದೆ ಮೈನಸ್ ಇದ್ದಾಗ ಎರಡನೇ ಪದದ ಚಿಹ್ನೆ ಬದಲಿಸಲಿಲ್ಲ" ಅಂತ ಬರೆಯಬೇಕು. ನಾಲ್ಕೈದು ಪರೀಕ್ಷೆ ಆಗುವಷ್ಟರಲ್ಲಿ ಗೊತ್ತಾಗುತ್ತದೆ, ತಪ್ಪುಗಳು ನೂರಲ್ಲ, ಮೂರೋ ನಾಲ್ಕೋ. ಅವೇ ವೇಷ ಬದಲಿಸಿ ಬರುತ್ತಿರುತ್ತವೆ. ಮುಂದಿನ ಪರೀಕ್ಷೆಯ ಹಿಂದಿನ ರಾತ್ರಿ ಆ ಪುಸ್ತಕ ಮಾತ್ರ ಓದಲಿ, ಬೇಗ ಮಲಗಲಿ.

ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಅಂತಾರಲ್ಲ, ಅದಕ್ಕೆ ಹೇಗೆ ತಯಾರಿ ಮಾಡೋದು?

ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ಇರುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಇದು. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ಬಡವರ ಮನೆಯ ಮಗುವೊಂದು ಪಿಯುಸಿ ಮುಗಿಸುತ್ತದೋ ಇಲ್ಲವೋ ಅನ್ನುವುದನ್ನು ಈ ದುಡ್ಡು ನಿರ್ಧರಿಸಿದ್ದನ್ನು ನಾನು ನೋಡಿದ್ದೇನೆ. ದಯವಿಟ್ಟು ಅರ್ಜಿ ಹಾಕಿಸಿ. ಕೊನೆಯ ದಿನಾಂಕವನ್ನು ಮುಖ್ಯ ಶಿಕ್ಷಕರ ಹತ್ತಿರ ಜೂನ್‌ನಿಂದಲೇ ಕೇಳುತ್ತಿರಿ.

ಎರಡು ಪತ್ರಿಕೆ, ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಒಂದು ಬುದ್ಧಿಶಕ್ತಿಯದು: ಸಂಖ್ಯಾ ಸರಣಿ, ಕನ್ನಡಿ ಬಿಂಬ, ಸಂಕೇತ, ಆಕೃತಿಗಳು. ಇನ್ನೊಂದು ಪಠ್ಯದ್ದು, ಅದರಲ್ಲಿ ಗಣಿತಕ್ಕೆ 20 ಪ್ರಶ್ನೆ. ಪ್ರಶ್ನೆಗೆ ಒಂದೇ ನಿಮಿಷ, ಹಾಗಾಗಿ ಹೊಳೆಯದ್ದನ್ನು ಬಿಟ್ಟು ಮುಂದೆ ಹೋಗುವುದನ್ನು ಮಗು ಕಲಿಯಬೇಕು. ಜಾಣ ಮಕ್ಕಳಿಗೆ ಇದು ಕಷ್ಟ, ಒಂದೇ ಪ್ರಶ್ನೆಗೆ ಅಂಟಿಕೊಂಡು ಕೂರುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸಲಿ. ಏಳನೇ ಕ್ಲಾಸಿನ ಬೇಸಿಗೆ ರಜೆಯಿಂದ ದಿನಕ್ಕೆ ಹತ್ತು ಪ್ರಶ್ನೆ ಮಾಡಿದರೆ ಧಾರಾಳ ಆಯಿತು.

ಏಳನೇ ಕ್ಲಾಸಿನಿಂದಲೇ ಎಸ್ಸೆಸ್ಸೆಲ್ಸಿ ಲೆಕ್ಕ ಶುರು ಮಾಡಿಸಿದ್ರೆ ಒಳ್ಳೇದಲ್ವಾ?

ಬೇಡ. ಹತ್ತರ ಲೆಕ್ಕ ಆಗಲೇ ಏಳರಲ್ಲಿ ಬೀಜವಾಗಿ ಇದೆ, ಅದನ್ನೇ ಗಟ್ಟಿ ಮಾಡಿಸಿ. ಬೆಂಕಿಕಡ್ಡಿಯಲ್ಲಿ ಚೌಕಗಳ ಸಾಲು ಜೋಡಿಸುವ ಆಟ ಆರರ ಮಕ್ಕಳಿಗೂ ಇಷ್ಟ. ಒಂದು ಚೌಕಕ್ಕೆ 4 ಕಡ್ಡಿ, ಎರಡಕ್ಕೆ 7, ಮೂರಕ್ಕೆ 10. ಇದೇ ಹತ್ತರಲ್ಲಿ ಸಮಾಂತರ ಶ್ರೇಢಿ. ಅನುಪಾತ ಸರಿಯಾಗಿ ಬಂದರೆ ಸಮರೂಪ ತ್ರಿಭುಜ, ತ್ರಿಕೋನಮಿತಿ ಎರಡೂ ಹಗುರ. ಬಿಸಿಲಿನಲ್ಲಿ ಒಂದು ಮೀಟರಿನ ಕೋಲಿನ ನೆರಳು 60 ಸೆಂಟಿಮೀಟರ್ ಇದ್ದಾಗ ತೆಂಗಿನಮರದ ನೆರಳು 9 ಮೀಟರ್ ಇತ್ತು. ಮರ ಎಷ್ಟು ಎತ್ತರ? ಹತ್ತದೆಯೇ 15 ಮೀಟರ್ ಅಂತ ಹೇಳಿದ ಏಳನೇ ಕ್ಲಾಸಿನ ಹುಡುಗಿಗೆ ಹತ್ತನೇ ಕ್ಲಾಸಿನ ಒಂದು ಪಾಠ ಆಗಲೇ ಬಂದಿದೆ. ಎಂಟನೇ ಕ್ಲಾಸಿನ ಅಪವರ್ತನ ಗಟ್ಟಿ ಇದ್ದರೆ ವರ್ಗ ಸಮೀಕರಣ ತಾನಾಗಿ ಬರುತ್ತದೆ.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ, ಶಾಲೆಯ ಆಂತರಿಕ ಅಂಕ 20. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ, ಒಂದರಲ್ಲಿ ಎಡವಿದರೆ ವರ್ಷ ಹಾಳಾಗುವುದಿಲ್ಲ. ಈಗಿಂದಲೇ ಆ ಹೆಸರು ಹೇಳಿ ಹೆದರಿಸಬೇಡಿ.

ಪ್ರಮೇಯ ಬಾಯಿಪಾಠ ಮಾಡಿಸಿದ್ರೆ ಅಂಕ ಬರುತ್ತಲ್ಲ, ಸಾಕಲ್ವಾ?

ಅಕ್ಷರ ಬದಲಿಸಿ, ಚಿತ್ರ ತಿರುಗಿಸಿ ಕೊಟ್ಟರೆ ಬಾಯಿಪಾಠ ನಿಂತುಹೋಗುತ್ತದೆ. ಸಾಧನೆ ಅಂದರೇನು ಅನ್ನುವುದನ್ನು ಏಳರಲ್ಲೇ ತೋರಿಸಬಹುದು. ಕಾಗದದ ತ್ರಿಭುಜದ ಮೂರು ಮೂಲೆ ಹರಿದು ಪಕ್ಕಪಕ್ಕ ಇಟ್ಟರೆ ನೇರ ಗೆರೆ ಆಗುತ್ತದೆ, 180 ಡಿಗ್ರಿ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆಗ ನಾನು ಕೇಳುತ್ತೇನೆ: "ಇದು ನಿನ್ನ ತ್ರಿಭುಜ. ನಾನು ಇನ್ನೂ ಬರೆಯದ ತ್ರಿಭುಜಕ್ಕೂ ಹೀಗೇ ಅಂತ ಹೇಗೆ ಹೇಳ್ತೀಯ? 179 ಇದ್ದರೆ ಕಣ್ಣಿಗೆ ಕಾಣುತ್ತಾ?" ಕ್ಲಾಸು ಗಪ್‌ಚುಪ್. ಆಮೇಲೆ ಮೇಲಿನ ಶೃಂಗದಿಂದ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯುತ್ತೇನೆ. ಪರ್ಯಾಯ ಕೋನಗಳು ಸಮ ಅಂತ ಅವರಿಗೆ ಗೊತ್ತು. ಎರಡು ನಿಮಿಷದಲ್ಲಿ ಯಾರಾದರೂ ಒಬ್ಬರು "ಹಾ!" ಅನ್ನುತ್ತಾರೆ. ಆ "ಹಾ" ಅಂದವರಿಗೆ ಹತ್ತರಲ್ಲಿ ಥೇಲ್ಸ್ ಪ್ರಮೇಯವಾಗಲಿ, ಸ್ಪರ್ಶಕಗಳ ಪ್ರಮೇಯವಾಗಲಿ ಬಾಯಿಪಾಠ ಮಾಡುವ ಕೆಲಸ ಇರುವುದಿಲ್ಲ.

ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್‌ನಲ್ಲಿ ಎಲ್ಲಾ ಇಂಗ್ಲಿಷು. ಈಗಲೇ ಬದಲಾಯಿಸಲಾ?

ಮಗು ಈಗ ಕನ್ನಡದಲ್ಲಿ ಯೋಚನೆ ಮಾಡುತ್ತಿದೆ. ಅದನ್ನು ಮಧ್ಯದಲ್ಲಿ ತಡೆಯಬೇಡಿ. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಪದಗಳ ಪಟ್ಟಿ ಇರಲಿ. ಛೇದಕ್ಕೆ ಡಿನಾಮಿನೇಟರ್, ಅಪವರ್ತನಕ್ಕೆ ಫ್ಯಾಕ್ಟರ್, ಚರಾಕ್ಷರಕ್ಕೆ ವೇರಿಯಬಲ್, ಸಮರೂಪಕ್ಕೆ ಸಿಮಿಲರ್. ಪಾಠಕ್ಕೆ ಹತ್ತು ಪದ ಬರೆದುಕೊಂಡರೂ ಹತ್ತನೇ ಕ್ಲಾಸಿನ ಹೊತ್ತಿಗೆ ಮುನ್ನೂರು ದಾಟುತ್ತದೆ. ಪಿಯುಸಿಯಲ್ಲಿ ಮೊದಲ ಎರಡು ಮೂರು ತಿಂಗಳು ಕಷ್ಟ ಆಗುತ್ತದೆ, ಅದು ನಿಜ. ಅರ್ಥ ಗೊತ್ತಿರುವವರಿಗೆ ಹೊಸ ಹೆಸರು ಕಲಿಯುವುದಷ್ಟೇ ಬಾಕಿ ಇರುತ್ತದೆ.

ಪುಸ್ತಕದ ಲೆಕ್ಕ ಎಲ್ಲಾ ಮುಗಿಸಿ ಬೋರ್ ಅಂತ ಕೂತಿದ್ದಾಳೆ. ಇವಳಿಗೆ ಏನು ಕೊಡಲಿ?

ಮುಂದಿನ ಕ್ಲಾಸಿನ ಪುಸ್ತಕ ಕೊಡಬೇಡಿ. ಇದೇ ಕ್ಲಾಸಿನ ಗಣಿತದಲ್ಲಿ ಆಳದ ಪ್ರಶ್ನೆ ಕೊಡಿ. ಎಂಟಕ್ಕೆ ಬಂದ ಮೇಲೆ ಗಣಿತ ಒಲಿಂಪಿಯಾಡ್‌ನ ಮೊದಲ ಹಂತವಾದ ಐಒಕ್ಯೂಎಂ ಬರೆಯಬಹುದು, ಎಂಟರಿಂದ ಹನ್ನೆರಡನೇ ಕ್ಲಾಸಿನವರಿಗೆ ಅದು ತೆರೆದಿದೆ. ಮೂರು ಗಂಟೆಯಲ್ಲಿ 30 ಪ್ರಶ್ನೆ. ತುಂಬಾ ಕಷ್ಟ ಇರುತ್ತದೆ. ಎಂಟನೇ ಕ್ಲಾಸಿನವಳು ನಾಲ್ಕೈದು ಮಾಡಿದರೂ ನಾನು ಬೆನ್ನು ತಟ್ಟುತ್ತೇನೆ.

ಅದಕ್ಕೂ ಮೊದಲು ಇದನ್ನು ಕೊಟ್ಟು ನೋಡಿ. 9ನ್ನು 4 + 5 ಅಂತ ಬರೆಯಬಹುದು, 2 + 3 + 4 ಅಂತಲೂ ಬರೆಯಬಹುದು. 15ನ್ನು ಮೂರು ರೀತಿಯಲ್ಲಿ ಬರೆಯಬಹುದು: 7 + 8, 4 + 5 + 6, 1 + 2 + 3 + 4 + 5. ಆದರೆ 8ನ್ನು ಹೀಗೆ ಒಂದರ ಪಕ್ಕ ಒಂದು ಬರುವ ಸಂಖ್ಯೆಗಳ ಮೊತ್ತವಾಗಿ ಬರೆಯಲು ಆಗುವುದೇ ಇಲ್ಲ. ಇನ್ನು ಯಾವ ಯಾವ ಸಂಖ್ಯೆಗೆ ಆಗುವುದಿಲ್ಲ? ಯಾಕೆ?

ಒಂದು ವಾರ ಉತ್ತರ ಹೇಳಬೇಡಿ. ಕೇಳಿದರೂ ಹೇಳಬೇಡಿ. ಅವಳು 1ರಿಂದ 40ರವರೆಗೆ ಪಟ್ಟಿ ಮಾಡಲಿ, ನೀವು ಪಕ್ಕದಲ್ಲಿ ಕೂತು ನೋಡಿ.